ನೈಟ್ ಡ್ಯೂಟಿಯಲ್ಲಿ ಆಗಮನ ಕಾಲ

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲಕ್ಕೆ ನಾವು ಕಥೋಲಿಕ ಕ್ರೈಸ್ತರು ಆಗಮನ ಕಾಲ ಅನ್ನುತ್ತೇವೆ. ಚರ್ಚಿನ ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ಹಾಕುತ್ತಾರೆ. ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಅನ್ನುವ ಸ್ತುತಿಗೀತೆ ಹಾಡುವುದಿಲ್ಲ. ಮೌನವಾಗಿರಿ, ದಿನಾ ಒಂದಿಷ್ಟು ಹೊತ್ತು ಪ್ರಾರ್ಥನೆಗೆ ಎತ್ತಿಡಿ, ಮನಸ್ಸು ಸಿದ್ಧ ಮಾಡಿಕೊಳ್ಳಿ ಅಂತ ಪ್ರಸಂಗದಲ್ಲಿ ಕೇಳಿಕೊಂಡೇ ಬೆಳೆದವನು ನಾನು. ಒಳ್ಳೆಯ ಮಾತೇ. ಆದರೆ ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಉಳಿದ ರಜೆಯನ್ನೆಲ್ಲ ಜನ ಡಿಸೆಂಬರ್‌ನಲ್ಲೇ ತೆಗೆದುಕೊಳ್ಳುತ್ತಾರೆ, ಇರುವವರ ಮೇಲೆ ನೈಟ್ ಡ್ಯೂಟಿ ಬೀಳುತ್ತದೆ. ರಾತ್ರಿಯಿಡೀ ಒಂದಲ್ಲ ಒಂದು ಮಾನಿಟರ್ ಕೂಗುತ್ತಿರುತ್ತದೆ. ಹಗಲು ಮಲಗೋಣ ಅಂದರೆ ಮೇಲಿನ ಮನೆಯಲ್ಲಿ ಟೈಲ್ಸ್ ಕತ್ತರಿಸುತ್ತಾರೆ. ಸಂಜೆ ಎದ್ದು ಕಾಫಿ ಕುಡಿಯುವಷ್ಟರಲ್ಲಿ ಡ್ರಮ್ಮು, ಗಿಟಾರ್ ಹಿಡಿದು ಕ್ಯಾರಲ್ಸ್ ತಂಡ ಬಾಗಿಲಲ್ಲಿ ಹಾಜರ್. ಮೌನ ಎಲ್ಲಿಂದ ತರೋದು?

2023ರಲ್ಲಿ ಆಗಮನ ಕಾಲದ ಮೊದಲ ಭಾನುವಾರ ಡಿಸೆಂಬರ್ 3ಕ್ಕೆ ಬಿತ್ತು. ಡ್ಯೂಟಿ ಮುಗಿಸಿ ಸೀದಾ ಪೂಜೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಾ ಕೂತಿದ್ದೆ. ಅವತ್ತು ಓದಿದ ಶುಭಸಂದೇಶ ಬೈಬಲ್‌ನ ಮಾರ್ಕನ ಗ್ರಂಥದ 13ನೇ ಅಧ್ಯಾಯದ್ದು. ಎಚ್ಚರವಾಗಿರಿ ಅಂತ ಯೇಸುಸ್ವಾಮಿ ಹೇಳುವ ಭಾಗ. ರಾತ್ರಿಯೆಲ್ಲ ಎಚ್ಚರವಿದ್ದು ಬಂದವನಿಗೆ ಇದನ್ನು ಓದಿ ಹೇಳಬೇಕಾ ಅಂತ ನಗು ಬಂತು. ಆದರೆ ಮುಂದಿನ ಮಾತು ಕಿವಿಗೆ ಬಿದ್ದಾಗ ನಿದ್ದೆ ಹಾರಿಹೋಯಿತು. ಮನೆ ಯಜಮಾನ ಯಾವಾಗ ಬರುತ್ತಾನೋ ಗೊತ್ತಿಲ್ಲ: ಸಂಜೆಯೋ, ನಡುರಾತ್ರಿಯೋ, ಕೋಳಿ ಕೂಗುವಾಗಲೋ, ಬೆಳಗಾಗುವಾಗಲೋ. ಆಗಿನ ರೋಮನ್ನರು ರಾತ್ರಿಯನ್ನು ಹೀಗೇ ಮೂರು ಮೂರು ಗಂಟೆಯ ನಾಲ್ಕು ಜಾವ ಮಾಡಿ ಕಾವಲು ಬದಲಾಯಿಸುತ್ತಿದ್ದರು. ಅಂದರೆ ಈ ಮಾತು ಹೇಳಿದ್ದು ಶಿಫ್ಟ್‌ನಲ್ಲಿ ಕೆಲಸ ಮಾಡುವವರ ಲೆಕ್ಕದಲ್ಲಿ. ನನ್ನಂಥವರ ಲೆಕ್ಕದಲ್ಲಿ.

ಆವತ್ತೇ ತೀರ್ಮಾನ ಮಾಡಿದೆ. ಪ್ರಾರ್ಥನೆಗೆ ಅಂತ ಬೇರೆ ಟೈಮ್ ಹುಡುಕುವುದಿಲ್ಲ. ಇರುವ ರಾತ್ರಿಯನ್ನೇ ನಾಲ್ಕು ಜಾವ ಮಾಡಿಕೊಳ್ಳುತ್ತೇನೆ.

ಮೊದಲನೆಯದು ರಾತ್ರಿ ಎಂಟಕ್ಕೆ. ಹಗಲು ಡ್ಯೂಟಿಯವರ ಜೊತೆ ಒಂದೊಂದೇ ಬೆಡ್ ಹತ್ತಿರ ನಿಂತು ಹ್ಯಾಂಡೋವರ್ ತೆಗೆದುಕೊಳ್ಳುತ್ತೇವೆ. ಯಾರಿಗೆ ಯಾವ ಡ್ರಿಪ್, ಯಾರು ಊಟ ಬಿಟ್ಟಿದ್ದಾರೆ, ಯಾರ ರಿಪೋರ್ಟ್ ಬರಬೇಕು ಇದೆಲ್ಲ. ಒಬ್ಬರ ಹತ್ತಿರದಿಂದ ಇನ್ನೊಬ್ಬರ ಹತ್ತಿರ ಹೋಗುವ ಮೊದಲು ಕೈಗೆ ಸ್ಯಾನಿಟೈಸರ್ ಹಾಕಿ ಉಜ್ಜಬೇಕು, 20ರಿಂದ 30 ಸೆಕೆಂಡ್. ಅಂಗೈ, ಕೈಹಿಂದೆ, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ. ಈ ಉಜ್ಜುವಷ್ಟು ಹೊತ್ತು ಮುಂದಿನ ಬೆಡ್‌ನವರ ಹೆಸರನ್ನು ಮನಸ್ಸಿನಲ್ಲೇ ಹೇಳಿ, ‘ಪ್ರಭು ಯೇಸುವೇ, ಬನ್ನಿ’ ಅನ್ನುತ್ತೇನೆ. ಅಷ್ಟೇ. ಕೈ ಒಣಗುವ ಹೊತ್ತಿಗೆ ಪ್ರಾರ್ಥನೆಯೂ ಮುಗಿದಿರುತ್ತದೆ. ಬೆಡ್ ನಂಬರ್ ಬದಲು ಹೆಸರು ಹೇಳುವುದು ರೂಢಿಯಾಗಿದ್ದು ಇದರಿಂದಲೇ. ಈಗ ವರ್ಷಪೂರ್ತಿ ಹಾಗೇ ಕರೆಯುತ್ತೇನೆ.

ಹನ್ನೆರಡಕ್ಕೆ ಬಿಪಿ, ಟೆಂಪರೇಚರ್ ನೋಡಿ ಬರೆದಿಟ್ಟ ಮೇಲೆ 130ನೇ ಕೀರ್ತನೆ. ಬೆಳಗಿಗಾಗಿ ಕಾಯುವ ಕಾವಲುಗಾರನಿಗಿಂತ ಹೆಚ್ಚಾಗಿ ನನ್ನ ಜೀವ ದೇವರಿಗಾಗಿ ಕಾಯುತ್ತಿದೆ ಅನ್ನುವ ಕೀರ್ತನೆ ಅದು. ಎಂಟೇ ವಚನ, ಬಾಯಿಪಾಠ ಮಾಡಿಕೊಂಡೆ. ಮೊಬೈಲ್‌ನಲ್ಲಿ ಓದುವುದು ನನಗೆ ಆಗಿಬರುವುದಿಲ್ಲ. ತೆರೆದರೆ ವಾಟ್ಸಾಪ್ ಎಳೆದುಕೊಂಡು ಹೋಗುತ್ತದೆ.

ಮೂರನೆಯದು ಕೋಳಿ ಕೂಗುವ ಮುಂಚಿನ ಹೊತ್ತು, ಮೂರರ ಆಸುಪಾಸು. ನೈಟ್ ಡ್ಯೂಟಿ ಮಾಡಿದವರನ್ನು ಯಾರನ್ನಾದರೂ ಕೇಳಿ, ಇದಕ್ಕಿಂತ ಕೆಟ್ಟ ಹೊತ್ತು ಇಲ್ಲ. ಮೈ ತಣ್ಣಗಾಗುತ್ತದೆ, ಕಣ್ಣು ಉರಿಯುತ್ತದೆ, ಸಣ್ಣದಕ್ಕೂ ಸಿಟ್ಟು ಬರುತ್ತದೆ. ರೋಗಿಗಳಿಗೂ ಅಷ್ಟೇ. ಭಯ ಬಂದು ಕೂರುವುದು ಆಗಲೇ. ಮಂಡ್ಯ ಕಡೆಯ ಒಬ್ಬ ತಾತ ಇದ್ದರು. ಉಸಿರಾಟದ ತೊಂದರೆ, ಮಲಗಿದರೆ ಕಷ್ಟ ಅಂತ ಮೂರು ದಿಂಬಿಗೆ ಒರಗಿ ಕೂತೇ ಇರುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಕರೆಯುತ್ತಿದ್ದರು.

‘ಬ್ರದರ್ರೂ, ಟೇಮ್ ಎಷ್ಟಾಯ್ತಪ್ಪಾ?’

‘ಮೂರೂಕಾಲು ತಾತ.’

‘ಇನ್ನೂ ಬೆಳಗಾಗ್ಲಿಲ್ವಾ?’

ಐದು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ‘ಇನ್ನೇನು ಆಗುತ್ತೆ, ಮಲಕ್ಕೊಳಿ’ ಅಂತ ಸುಮ್ನೆ ಹೇಳಿಬಿಡುವುದು ನಮ್ಮ ಅಭ್ಯಾಸ. ಆದರೆ ಆ ದಿನಗಳಲ್ಲಿ ನಾನು ಯೆಶಾಯನ ಗ್ರಂಥ ಓದುತ್ತಿದ್ದೆ. 21ನೇ ಅಧ್ಯಾಯದಲ್ಲಿ ಯಾರೋ ಕೂಗಿ ಕೇಳುತ್ತಾರೆ: ಕಾವಲುಗಾರನೇ, ರಾತ್ರಿ ಇನ್ನೆಷ್ಟಿದೆ? ಅವನು ಸಮಾಧಾನದ ಮಾತು ಹೇಳುವುದಿಲ್ಲ. ಬೆಳಗೂ ಬರುತ್ತದೆ, ರಾತ್ರಿಯೂ ಬರುತ್ತದೆ, ಬೇಕಾದರೆ ಮತ್ತೆ ಬಂದು ಕೇಳಿ ಅನ್ನುತ್ತಾನೆ. ಈ ಉತ್ತರ ನನಗೆ ತುಂಬಾ ಹಿಡಿಸಿತು. ಸುಳ್ಳಿಲ್ಲ, ಬೇಜಾರೂ ಇಲ್ಲ. ಮತ್ತೆ ಕೇಳಿ ಅನ್ನುವುದರಲ್ಲಿ ಎಲ್ಲ ಇದೆ ಅಲ್ವಾ? ಆಮೇಲಿಂದ ತಾತ ಕೇಳಿದಾಗಲೆಲ್ಲ ಗಡಿಯಾರ ನೋಡಿ ಸರಿಯಾದ ಟೈಮ್ ಹೇಳಿ, ಸ್ಟೂಲ್ ಎಳೆದುಕೊಂಡು ಒಂದೆರಡು ನಿಮಿಷ ಪಕ್ಕದಲ್ಲಿ ಕೂರುತ್ತಿದ್ದೆ. ಮೂರನೇ ಜಾವಕ್ಕೆ ನಾನು ಬೇರೆ ಪ್ರಾರ್ಥನೆ ಇಟ್ಟುಕೊಳ್ಳಲಿಲ್ಲ.

ನಾಲ್ಕನೆಯದಕ್ಕೆ ಪುರುಸೊತ್ತೇ ಇರುವುದಿಲ್ಲ. ಬ್ಲಡ್ ಸ್ಯಾಂಪಲ್, ಬೆಡ್‌ಶೀಟ್, ಬೆಳಗಿನ ಇಂಜೆಕ್ಷನ್. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಸೂರ್ಯ ಬರುವುದು ಆರೂವರೆ ಹೊತ್ತಿಗೆ. ಆಗ ಜಕರೀಯನ ಗೀತೆಯ ಕೊನೆಯ ಎರಡು ಸಾಲು, ಕತ್ತಲಲ್ಲಿ ಕೂತವರಿಗೆ ಮೇಲಿಂದ ಅರುಣೋದಯ ಆಗುತ್ತದೆ ಅನ್ನುವುದು. ಮಗ ಸ್ನಾನಿಕ ಯೊವಾನ್ನನಿಗೆ ಹೆಸರಿಡುವವರೆಗೂ ಮಾತು ನಿಂತುಹೋಗಿದ್ದ ಆ ಮುದುಕ, ನಾಲಗೆ ಬಂದ ಮೇಲೆ ಹಾಡಿದ್ದು ಇದು.

ನಮ್ಮ ವಾರ್ಡ್ ಬಾಯ್ ಅಯ್ಯಪ್ಪ ಮಾಲೆ ಹಾಕಿದ್ದರು. ಟೀ ಕುಡಿಯುವಾಗ ನಾನು ಬಿಸ್ಕತ್ ಬೇಡ ಅಂದದ್ದನ್ನು ಗಮನಿಸಿ, ‘ನಿಮ್ದೂ ವ್ರತಾನಾ ಬ್ರದರ್?’ ಅಂದರು. ‘ಹೂಂ ಸ್ವಾಮಿ, ನಾಲ್ಕು ವಾರ’ ಅಂದೆ. ಅವರಿಗೆ ವಿವರಿಸಬೇಕಾಗಲಿಲ್ಲ. ಡಿಸೆಂಬರ್ ನಡುವಿಗೆ ಧನುರ್ಮಾಸವೂ ಶುರುವಾಗಿ, ಆಸ್ಪತ್ರೆ ಹಿಂದಿನ ದೇವಸ್ಥಾನದಲ್ಲಿ ಕತ್ತಲಿರುವಾಗಲೇ ಸುಪ್ರಭಾತ ಹಾಕುತ್ತಾರೆ. ಬೆಳಗಾಗುವ ಮೊದಲೇ ಎದ್ದು ಕಾಯುವುದು ಈ ಊರಿಗೆ ಹೊಸದೇನಲ್ಲ. ನವೆಂಬರ್‌ನಲ್ಲೇ ಕೇಕ್ ಕತ್ತರಿಸಿ ಹಬ್ಬ ಮುಗಿಸಿಬಿಡುವ ನಮ್ಮವರಿಗೇ ಇದನ್ನು ಬಿಡಿಸಿ ಹೇಳಬೇಕು.

ಡಿಸೆಂಬರ್ 17ರಿಂದ ಪೂಜೆಯ ವಾಚನಗಳ ಧಾಟಿ ಬದಲಾಗುತ್ತದೆ. ಅವತ್ತು ಮತ್ತಾಯನ ಮೊದಲ ಅಧ್ಯಾಯ, ಬರೀ ಯೇಸುಸ್ವಾಮಿಯ ವಂಶಾವಳಿ, ಇಂಥವನು ಇಂಥವನಿಗೆ ಹುಟ್ಟಿದ ಅಂತ. ಎಲ್ಲರೂ ಆಕಳಿಸುತ್ತಾರೆ. ನನಗೆ ಅದು ಹ್ಯಾಂಡೋವರ್ ಕೇಳಿದಂತೆಯೇ ಕೇಳಿಸುತ್ತದೆ. ನಡುವೆ ಬರುವ ಹೆಂಗಸರು ತಾಮಾರ, ರಾಹಾಬ, ರೂತ್. ಒಬ್ಬೊಬ್ಬರ ಹಿಂದೆಯೂ ಒಂದು ದೊಡ್ಡ ಕೇಸ್‌ಶೀಟ್ ಇದೆ. ಇಂಥವರ ಹೆಸರನ್ನೂ ಬಿಟ್ಟಿಲ್ಲವಲ್ಲ ಅನ್ನಿಸುತ್ತದೆ. 21ಕ್ಕೆ ಸಂಜೆಯ ಪ್ರಾರ್ಥನೆಯಲ್ಲಿ ಕ್ರಿಸ್ತರನ್ನು ಉದಯಸೂರ್ಯ ಅಂತ ಕರೆಯುತ್ತಾರೆ. ವರ್ಷದ ಅತಿ ಉದ್ದದ ರಾತ್ರಿ ಬರುವುದೂ ಆಗಲೇ. ಆ ರಾತ್ರಿ ಡ್ಯೂಟಿ ಬಿದ್ದರೆ ಈಗ ಗೊಣಗುವುದಿಲ್ಲ.

ಇಷ್ಟರಿಂದ ಏನಾಯಿತು ಅಂತ ಕೇಳಿದರೆ, ದೊಡ್ಡದೇನೂ ಅಲ್ಲ. ಮೂರು ಗಂಟೆಗೆ ಬರುತ್ತಿದ್ದ ಸಿಟ್ಟು ಕಡಿಮೆಯಾಯಿತು. ಬೆಳಿಗ್ಗೆ ಮನೆಗೆ ಹೋಗಿ ಮಲಗಿದರೆ ವಾರ್ಡು ತಲೆಯೊಳಗೆ ಓಡುತ್ತಿರುವುದಿಲ್ಲ, ಟೈಲ್ಸ್ ಸದ್ದಿನಲ್ಲೂ ನಿದ್ದೆ ಬರುತ್ತದೆ. ‘ಮುಖದ ಗಂಟು ಬಿಚ್ಚಿದೆ’ ಅಂತ ನನ್ನ ಹೆಂಡತಿ ಹೇಳಿದ ಮೇಲೇ ನನಗೂ ಗೊತ್ತಾಗಿದ್ದು.

ಮಾಡಿ ನೋಡುವವರಿಗೆ ಎರಡು ಮಾತು. ಆಕ್ಸಿಜನ್ ಇರುವ ಕಡೆ ಮೇಣದಬತ್ತಿ ಹಚ್ಚುವ ಹಾಗಿಲ್ಲ, ಆಗಮನ ಕಾಲದಲ್ಲಿ ಭಾನುವಾರಕ್ಕೊಂದರಂತೆ ಹಚ್ಚುವ ನಾಲ್ಕು ಬತ್ತಿಗಳನ್ನು ಮನೆಯಲ್ಲೇ ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಅದರ ಜೊತೆಗೆ ಸಂತ ಲೂಸಿಯ ಹಬ್ಬದ ದಿನ, ಅಂದರೆ 13ಕ್ಕೆ, ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಬೇಕಾದ ರಾಗಿ ಪೈರು ಹಾಕುತ್ತೇವೆ. ಹಿಂದಿನ ರಾತ್ರಿ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಕಂಡ ಮೇಲೆ ತಟ್ಟೆಯ ಮಣ್ಣಿನ ಮೇಲೆ ಹರಡಿ ನೀರು ಚಿಮುಕಿಸುವುದು. ಡ್ಯೂಟಿಯಿಂದ ಬಂದವನು ಮಲಗುವ ಮೊದಲು ನೀರು ಹಾಕುವ ಕೆಲಸ ನನ್ನದು. ಇನ್ನೊಂದು ಮಾತು, ಗುರುಗಳ ಹತ್ತಿರ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯನ್ನು ಮಾತ್ರ ಮೊದಲ ಎರಡು ವಾರದಲ್ಲೇ ಮುಗಿಸಿಕೊಳ್ಳಿ. ಕೊನೆಯ ವಾರದ ಸಾಲಿನಲ್ಲಿ ನಿಂತರೆ ನಿಮಗೂ ಅವಸರ, ಒಳಗೆ ಕೂತ ಗುರುಗಳಿಗೂ ಅವಸರ.