ಬಾಲ ಕತ್ತರಿಸಿ ತಲೆಗೆ ಇಡಿ

ಇಂಗ್ಲಿಷಿನ ಇನ್, ಟು, ಫ್ರಮ್ ಕಲಿಸುವವರಿಗೊಂದು ಉಪಾಯ. ರಟ್ಟಿನ ಪಟ್ಟಿಯಲ್ಲಿ ‘ವಿರಾಜಪೇಟೆಯಿಂದ’, ‘ಮಡಿಕೇರಿಗೆ’ ಅಂತ ದಪ್ಪಗೆ ಬರೆದು, ‘ಯಿಂದ’, ‘ಗೆ’ ಇವನ್ನು ಮಕ್ಕಳ ಕೈಯಲ್ಲೇ ಕತ್ತರಿಸಿಸಿ. ತುಂಡನ್ನು ಊರಿನ ಹೆಸರಿನ ಎಡಕ್ಕೆ ತಂದು ಮಗುಚಿದರೆ ಹಿಂದೆ ಬರೆದಿಟ್ಟ ಫ್ರಮ್, ಟು ಕಾಣಬೇಕು: ಫ್ರಮ್ ವಿರಾಜಪೇಟೆ, ಟು ಮಡಿಕೇರಿ. ಮಕ್ಕಳು ‘ಮಡಿಕೇರಿ ಟು’ ಅನ್ನುವುದು ದಡ್ಡತನದಿಂದಲ್ಲ. ಕನ್ನಡದಲ್ಲಿ ಈ ಪ್ರತ್ಯಯ ಪದದ ಬಾಲಕ್ಕೇ ಅಂಟುತ್ತದೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಆಡುವ ಮಕ್ಕಳ ಮನೆಮಾತಲ್ಲೂ ಹಾಗೇ. ತೋಟದ ಲೈನ್‌ಮನೆಗಳಿಂದ (ಕಾರ್ಮಿಕರ ಸಾಲುಮನೆಗಳು) ಬರುವ ಹಿಂದಿ, ಬಂಗಾಳಿ ಮಕ್ಕಳಿಗೂ ಅದೇ ಅಭ್ಯಾಸ, ಹಾಗಾಗಿ ಇಡೀ ಕ್ಲಾಸಿಗೆ ಒಂದೇ ಕತ್ತರಿ ಸಾಕು. (ಕತ್ತರಿ ಮೊಂಡಾಗಿದ್ದರೆ ಒಳ್ಳೆಯದು, ನಾಲ್ಕನೇ ಕ್ಲಾಸಿನವರನ್ನು ನಂಬಬೇಡಿ.) ಎಲ್ಲಿ ಕೈಕೊಡುತ್ತದೆ ಅಂದರೆ, ‘ಸೋಮವಾರ ಬಾ’ ಅನ್ನುವಲ್ಲಿ ಕತ್ತರಿಸಲು ಬಾಲವೇ ಇಲ್ಲ, ಇಂಗ್ಲಿಷಿಗೆ ಮಾತ್ರ ಆನ್ ಬೇಕು. ‘ಮನೆಗೆ ಹೋದೆ’ಯಲ್ಲಿ ಬಾಲ ಇದೆ, ಆದರೆ ಐ ವೆಂಟ್ ಹೋಮ್‌ಗೆ ಟು ಬೇಡ. ‘ಬಸ್ಸಲ್ಲಿ ಬಂದೆ’ ಅಂದರೆ ಇನ್ ಅಲ್ಲ, ಬೈ ಬಸ್. ‘ನನಗೆ ಹಸಿವು’ ಅಂತೂ ಈ ಆಟಕ್ಕೆ ತರಲೇಬೇಡಿ, ‘ಟು ಮೀ ಹಂಗ್ರಿ’ ಅಂದುಬಿಡುತ್ತಾರೆ. ಮೊದಲ ವಾರ ಬರೀ ಊರುಗಳ ಹೆಸರಲ್ಲೇ ಆಡಿಸಿ, ಇಂಥವನ್ನು ಆಮೇಲೆ ಬಾಯಿಪಾಠ ಮಾಡಿಸಿದರಾಯಿತು.