ಯುದ್ಧದ ಕಾದಂಬರಿ ಸರಣಿಗಳು: ನಾನು ಎಲ್ಲಿಂದ ಶುರು ಮಾಡಿದೆ

ಐತಿಹಾಸಿಕ ಯುದ್ಧದ ಕಾದಂಬರಿ ಸರಣಿ ಕೈಗೆ ಬಂದರೆ ನಾನು ಮೊದಲು ಎರಡು ಇಸವಿ ನೋಡುತ್ತೇನೆ. ಪುಸ್ತಕ ಪ್ರಕಟವಾದ ಇಸವಿ ಒಂದು, ಕತೆ ನಡೆಯುವ ಇಸವಿ ಇನ್ನೊಂದು. ಎರಡೂ ಒಟ್ಟಿಗೇ ಮುಂದೆ ಸಾಗುತ್ತಿದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ, ಮೊದಲ ಪುಸ್ತಕವೇ ಸರಿ. ಲೇಖಕರು ನಡುವೆ ಹಿಂದಕ್ಕೆ ಹೋಗಿ ನಾಯಕನ ಹಳೆಯ ಕತೆ ಬರೆದಿದ್ದರೆ ಮಾತ್ರ ಯೋಚನೆ ಮಾಡಬೇಕಾಗುತ್ತದೆ.

ಬರ್ನಾರ್ಡ್ ಕಾರ್ನ್‌ವೆಲ್ ಅವರ ಶಾರ್ಪ್ ಸರಣಿ ಅಂಥದ್ದು. ಶಾರ್ಪ್ ಅನ್ನುವ ಬ್ರಿಟಿಷ್ ಸೈನಿಕ ಇದರ ನಾಯಕ. ಮೊದಲು ಬಂದದ್ದು 1981ರ 'ಶಾರ್ಪ್ಸ್ ಈಗಲ್'. ಅದರಲ್ಲಿರುವುದು 1809ರ ಜುಲೈನಲ್ಲಿ ಸ್ಪೇನಿನ ಟಲವೇರಾದಲ್ಲಿ ನಡೆದ ಕದನ. 1988ರ 'ಶಾರ್ಪ್ಸ್ ರೈಫಲ್ಸ್' 1809ರ ಜನವರಿಗೆ ಹೋಗುತ್ತದೆ. 1997ರ 'ಶಾರ್ಪ್ಸ್ ಟೈಗರ್' ಇನ್ನೂ ಹಿಂದೆ, 1799ರ ಶ್ರೀರಂಗಪಟ್ಟಣದ ಮುತ್ತಿಗೆಗೆ.

ನಾನು ಟೈಗರ್‌ನಿಂದಲೇ ಶುರು ಮಾಡಿದೆ. ಇಂಥ ಕಾದಂಬರಿಗಳಲ್ಲಿ ಮೊದಲ ಐವತ್ತು ಪುಟ ಕಷ್ಟ. ಯಾರು ಯಾರ ಕಡೆ, ಯಾವ ನದಿ ಎಲ್ಲಿ ಅನ್ನುವುದರಲ್ಲೇ ಗಮನ ಹೋಗಿಬಿಡುತ್ತದೆ. ಟಿಪ್ಪು, ಕಾವೇರಿ, ಮೇ 4ರಂದು ಬಿದ್ದ ಕೋಟೆ, ಇವನ್ನೆಲ್ಲ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ? ಹಾಗಾಗಿ ಮನಸ್ಸು ನೇರವಾಗಿ ಶಾರ್ಪ್ ಮೇಲೆ ನಿಲ್ಲುತ್ತದೆ. ಅವನಿನ್ನೂ 33ನೇ ರೆಜಿಮೆಂಟಿನ ಮಾಮೂಲಿ ಸಿಪಾಯಿ. ಓದು ಬರುವುದಿಲ್ಲ. ಅಕ್ಷರ ಕಲಿಯುವುದು ಟಿಪ್ಪುವಿನ ಸೆರೆಮನೆಯಲ್ಲಿ, ಜೊತೆಗೆ ಸಿಕ್ಕಿಬಿದ್ದ ತನ್ನದೇ ಅಧಿಕಾರಿಯಿಂದ. ಹೊರಗೆ ಮುತ್ತಿಗೆ ನಡೆಯುತ್ತಿರುವಾಗ ಒಳಗೆ ಒಬ್ಬ ಹುಡುಗ ಅಕ್ಷರ ಕೂಡಿಸುತ್ತಾ ಕೂತಿರುವ ಆ ಭಾಗ ನನಗೆ ಯಾವ ಹೋರಾಟಕ್ಕಿಂತಲೂ ಜಾಸ್ತಿ ಇಷ್ಟ.

ಇದು ಬ್ರಿಟಿಷ್ ಸಿಪಾಯಿಯ ಕಣ್ಣಲ್ಲಿ ಕಂಡ ಯುದ್ಧ ಅನ್ನುವುದು ನೆನಪಿರಲಿ. ಟಿಪ್ಪುವನ್ನು ಕೊಂದ ಸೈನಿಕ ಯಾರೆಂದು ಇತಿಹಾಸದಲ್ಲಿ ಇತ್ಯರ್ಥವಾಗಿಲ್ಲ. ಆ ಖಾಲಿ ಜಾಗವನ್ನು ಕಾದಂಬರಿ ತನ್ನದೇ ರೀತಿಯಲ್ಲಿ ತುಂಬಿಕೊಂಡಿದೆ. ಪುಸ್ತಕದ ಕೊನೆಯಲ್ಲಿರುವ ಇತಿಹಾಸದ ಟಿಪ್ಪಣಿಯನ್ನು ಬಿಡಬೇಡಿ, ಆದರೆ ಮೊದಲೇ ತೆರೆಯಲೂಬೇಡಿ.

ಟೈಗರ್ ಆದಮೇಲೆ ನಾನು ಕತೆಯ ಕ್ರಮ ಹಿಡಿಯಲಿಲ್ಲ. ಸೀದಾ ಈಗಲ್‌ಗೆ ಹೋದೆ, ಆಮೇಲೆ ರೈಫಲ್ಸ್‌ಗೆ ಬಂದೆ. ಇದಕ್ಕೆ ಕಾರಣ ಹಾರ್ಪರ್. ಈಗಲ್‌ನಲ್ಲಿ ಶಾರ್ಪ್ ಮತ್ತು ಐರಿಷ್ ಸಾರ್ಜೆಂಟ್ ಹಾರ್ಪರ್ ಒಬ್ಬರಿಗೊಬ್ಬರು ಪ್ರಾಣ ಕೊಡುವ ಗೆಳೆಯರು. ರೈಫಲ್ಸ್‌ನಲ್ಲಿ ಇದೇ ಹಾರ್ಪರ್ ಶಾರ್ಪ್ ವಿರುದ್ಧ ತಿರುಗಿಬೀಳುತ್ತಾನೆ, ಇಬ್ಬರೂ ಹೊಡೆದಾಡುತ್ತಾರೆ. ಮುಂದೆ ಏನಾಗುತ್ತದೆಂದು ಗೊತ್ತಿದ್ದು ಆ ಹೊಡೆದಾಟ ಓದುವ ಸುಖವೇ ಬೇರೆ. ದ್ವೇಷ ಯಾವ ಗಳಿಗೆಯಲ್ಲಿ ಸಡಿಲವಾಗುತ್ತದೆ ಎಂದು ಹುಡುಕುತ್ತಾ ಓದುತ್ತೇವೆ. ಲೇಖಕರೂ ಅದನ್ನು ಬರೆದದ್ದು ಆ ಗೆಳೆತನ ಬಲ್ಲ ಓದುಗರು ಸಿಕ್ಕ ಮೇಲೆಯೇ.

ಸಿ. ಎಸ್. ಫಾರೆಸ್ಟರ್ ಅವರ ಹಾರ್ನ್‌ಬ್ಲೋವರ್ ಸರಣಿಯಲ್ಲೂ ಹೀಗೇ ಇದೆ. 1937ರ ಮೊದಲ ಕಾದಂಬರಿಯಲ್ಲಿ ನಾಯಕ ಹಾರ್ನ್‌ಬ್ಲೋವರ್ ಆಗಲೇ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್. 1950ರಲ್ಲಿ ಬಂದ 'ಮಿಸ್ಟರ್ ಮಿಡ್‌ಶಿಪ್‌ಮನ್ ಹಾರ್ನ್‌ಬ್ಲೋವರ್'ನಲ್ಲಿ ಹದಿನೇಳರ ಹುಡುಗ. ಇಲ್ಲಿ ನಾನು ಈ 1950ರ ಪುಸ್ತಕವನ್ನೇ ಮೊದಲು ಓದಿ ಅನ್ನುತ್ತೇನೆ. ಅದು ಬಿಡಿಬಿಡಿ ಪ್ರಸಂಗಗಳ ಪುಸ್ತಕ. ಎರಡು ಪ್ರಸಂಗ ಓದಿದರೆ ಸರಣಿ ನಿಮಗೆ ಹಿಡಿಸುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಪ್ಯಾಟ್ರಿಕ್ ಒ'ಬ್ರಿಯಾನ್ ಅವರಲ್ಲಿ ಆಯ್ಕೆಯೇ ಇಲ್ಲ. 1969ರ 'ಮಾಸ್ಟರ್ ಅಂಡ್ ಕಮಾಂಡರ್'ನಿಂದಲೇ ಶುರು ಮಾಡಬೇಕು. 1800ರಲ್ಲಿ ಮಿನೋರ್ಕಾ ದ್ವೀಪದ ಒಂದು ಸಂಗೀತ ಕಚೇರಿ. ನೌಕಾಪಡೆಯ ಜಾಕ್ ಆಬ್ರೀ ಮೈಮರೆತು ತಾಳ ಹಾಕುತ್ತಿದ್ದಾನೆ, ಅದೂ ಸಂಗೀತಕ್ಕಿಂತ ಮುಂದೆ. ಪಕ್ಕದಲ್ಲಿದ್ದ ಡಾಕ್ಟರ್ ಮಟುರಿನ್ ಮೊಣಕೈಯಿಂದ ತಿವಿಯುತ್ತಾನೆ. ಅಷ್ಟಕ್ಕೇ ಕತ್ತಿ ಹಿರಿಯುವಷ್ಟು ಸಿಟ್ಟು. ಸರಣಿಯನ್ನೆಲ್ಲ ಹೊತ್ತು ನಿಲ್ಲುವ ಗೆಳೆತನ ಹುಟ್ಟುವುದು ಆ ಜಗಳದಿಂದ. ಅದನ್ನು ನೋಡದೆ ಮುಂದಿನ ಪುಸ್ತಕಕ್ಕೆ ಹಾರಿದರೆ ದೊಡ್ಡ ನಷ್ಟ.

ಇದರಲ್ಲಿ ಹಡಗಿನ ಮಾತು ವಿಪರೀತ. ನಾನು ಒಂದೊಂದಕ್ಕೂ ಡಿಕ್ಷನರಿ ತೆಗೆಯಲಿಲ್ಲ, ಸುಮ್ನೆ ಓದುತ್ತಾ ಹೋದೆ. ಮಟುರಿನ್‌ಗೂ ಹಡಗಿನ ಗಂಧ ಗೊತ್ತಿಲ್ಲ. ಹಡಗಿನವರು ಅವನಿಗೆ ಹಾಯಿ, ಹಗ್ಗ ವಿವರಿಸುವಾಗ ನಮಗೂ ಬೇಕಾದಷ್ಟು ತಿಳಿಯುತ್ತದೆ.

ಕಾರ್ನ್‌ವೆಲ್ ಅವರದೇ 'ದಿ ಲಾಸ್ಟ್ ಕಿಂಗ್‌ಡಮ್' ಸರಣಿಗೆ ಈ ಯಾವ ಗೊಂದಲವೂ ಇಲ್ಲ. 2004ರಲ್ಲಿ ಮೊದಲನೆಯದು, 2020ರಲ್ಲಿ ಹದಿಮೂರನೆಯದು. ಇಂಗ್ಲೆಂಡಿನಲ್ಲಿ ನಡೆಯುವ ಕತೆಯೂ 866ರಿಂದ 937ರ ಬ್ರುನನ್‌ಬರ್ ಕದನದವರೆಗೆ ನೇರವಾಗಿ ಸಾಗುತ್ತದೆ. ಹಿಂದೆ ಮುಂದೆ ಓಡಾಡುವುದು ಬೇಡ ಅನ್ನುವವರು ಇದನ್ನೇ ಮೊದಲು ಹಿಡಿಯಬಹುದು.