ಜೀಪಿನ ಬ್ರೇಕ್ ಕೆಲಸ ಸೀಟಿನಿಂದ ಶುರು: ನನ್ನ ಅನುಭವ

ನಮ್ಮ ಜೀಪಿನ ಮುಂದಿನ ಎರಡು ಚಕ್ರಕ್ಕೆ ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕ್ತೀನಿ ಅಂದಾಗ ದೊಡ್ಡಪ್ಪ ನಕ್ಕರು. "ಜೀಪಿಗೆ ಕಾರಿನ ಬ್ರೇಕ್ ಯಾಕೋ? ಗೇರಲ್ಲಿ ಇಳಿಸೋಕೆ ಬರಲ್ವಾ ನಿನಗೆ?" ನಮ್ಮ ಗ್ಯಾರೇಜ್ ಮೇಸ್ತ್ರಿ ನಗಲಿಲ್ಲ, ಅಷ್ಟೇ. "ಇದು ಹಿಡಿದ್ರೆ ಬಿಡಲ್ಲ, ಬಿಟ್ರೆ ಹಿಡಿಯಲ್ಲ, ನೋಡ್ತಾ ಇರಿ" ಅಂದರು. ಆ ಮಾತು ಎರಡೂ ಕಡೆ ನಿಜವಾಯಿತು, ಅದನ್ನೇ ಹೇಳಲು ಹೊರಟಿದ್ದೇನೆ.

ಜೀಪು ಮನೆಯಲ್ಲೇ ಕಟ್ಟಿದ್ದು. ಹಳೇ ಸಿಜೆ ಜೀಪಿನ ಚಾಸಿ (ಅಡಿಚೌಕಟ್ಟು), ಗುಜರಿಯಲ್ಲಿ ಸಿಕ್ಕ ಬೊಲೆರೋ ಡಿಐ ಎಂಜಿನ್. ಬಾಡಿಯ ತಗಡು ಬಗ್ಗಿಸಿದ್ದು ನಮ್ಮ ಕಾಫಿ ಕಣದಲ್ಲಿ. ಓಡುವುದೇನೋ ಚೆನ್ನಾಗಿ ಓಡುತ್ತಿತ್ತು, ನಿಲ್ಲುವುದೇ ಕಷ್ಟ. ಜುಲೈನಲ್ಲಿ ಒಂದು ತೋಡು (ಹಳ್ಳ) ದಾಟಿದರೆ ನಾಲ್ಕೂ ಚಕ್ರದ ಡ್ರಮ್ (ಒಳಗಿನಿಂದ ಶೂ ಒತ್ತಿ ನಿಲ್ಲಿಸುವ ಬ್ರೇಕ್) ನೆನೆಯುತ್ತಿದ್ದವು. ಆಮೇಲೆ ಪೆಡಲ್ ಮೇಲೆ ಎದ್ದು ನಿಂತರೂ ಗಾಡಿ ತನ್ನ ಪಾಡಿಗೆ ಹೋಗುತ್ತಿತ್ತು.

ನಾನು ಮಾಡಿದ ಮೊದಲ ತಪ್ಪು ಕೆಲಸದ ಕ್ರಮದಲ್ಲಿ. ಪೆಡಲ್ ಬ್ರಾಕೆಟ್ ವೆಲ್ಡ್ ಮಾಡಿ, ಬಣ್ಣ ಹೊಡೆದು, ಆಮೇಲೆ ಕಾರಿನ ಸೀಟು ತಂದೆ. ಕೂತು ನೋಡಿದರೆ ಮೊಣಕಾಲು ಸ್ಟೀರಿಂಗಿಗೆ ತಾಗುತ್ತದೆ, ಹಿಮ್ಮಡಿ ನೆಲಕ್ಕೆ ಸಿಗುವುದಿಲ್ಲ. ಅಂಥ ಕಾಲಲ್ಲಿ ಒತ್ತಿದರೆ ಯಾವ ಡಿಸ್ಕ್ ಇದ್ದರೇನು? ಬ್ರಾಕೆಟ್ ಕತ್ತರಿಸಿದೆ. ಮೊದಲು ಸೀಟು, ಆಮೇಲೆ ಸ್ಟೀರಿಂಗ್, ಕೊನೆಗೆ ಪೆಡಲ್. ಕಾಲಿನ ಒತ್ತಿಗೆ ಬಲ ಸೇರಿಸುವ ಬೂಸ್ಟರ್ ಬಂದ ಮೇಲೆ ಪೆಡಲಿನ ಸನ್ನೆಯ (ಲಿವರ್) ಅನುಪಾತ 6ಕ್ಕೆ 1 ಇದ್ದದ್ದನ್ನು ಸುಮಾರು 4ಕ್ಕೆ 1 ಮಾಡಿದೆ. ಅದಕ್ಕೆ ಪೆಡಲಿನಲ್ಲಿ ತೂತು ಎಲ್ಲಿ ಕೊರೆದೆ ಅಂತ ಇಲ್ಲಿ ಬರೆಯಲ್ಲ, ತೋಟಕ್ಕೆ ಬಂದರೆ ತೋರಿಸುತ್ತೇನೆ.

ಬೂಸ್ಟರ್ ನಡೆಯುವುದು ನಿರ್ವಾತದಿಂದ, ಡೀಸೆಲ್ಲಿನಲ್ಲಿ ಅದಕ್ಕೆ ವ್ಯಾಕ್ಯೂಮ್ ಪಂಪ್ ಬೇಕೇ ಬೇಕು. ನನ್ನದು ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಹಿಂದಿನದು. ಅದರ ಆಯಿಲ್ ರಿಟರ್ನ್‌ಗೆ ಸಪೂರ ಪೈಪ್ ಹಾಕಿ ಒಂದು ಪಂಪ್ ಕಳೆದುಕೊಂಡೆ. ದಪ್ಪದ್ದೇ ಹಾಕಿ.

ಇನ್ನು "ಹಿಡಿದ್ರೆ ಬಿಡಲ್ಲ". ಮೊದಲ ಓಟಕ್ಕೆ ಗೋಣಿಕೊಪ್ಪ ತಲುಪುವಷ್ಟರಲ್ಲಿ ಮುಂದಿನ ಚಕ್ರದ ಹಬ್ (ನಡುಭಾಗ) ಮುಟ್ಟುವ ಹಾಗಿರಲಿಲ್ಲ, ಸುಟ್ಟ ವಾಸನೆ ಬೇರೆ. ಬೇರಿಂಗ್ ಇರಬೇಕು ಅಂತ ಎರಡೂ ಕಡೆ ಹೊಸದು ಹಾಕಿದೆ, 3 ಸಾವಿರ ದಂಡ. ಪುಷ್‌ರಾಡ್‌ಗೆ (ಪೆಡಲ್ ಒತ್ತಿದಾಗ ತಳ್ಳುವ ಸಲಾಕೆ) ಸಂದು ಬಿಟ್ಟೆ, ಅದೂ ಅಲ್ಲ. ಕೊನೆಗೆ ಒಂದು ಸಂಜೆ ಜ್ಯಾಕ್ ಕೊಟ್ಟು, ಬಿಗಿದುಕೊಂಡಿದ್ದ ಚಕ್ರದ ಬ್ಲೀಡಿಂಗ್ ನಿಪ್ಪಲ್ (ಬ್ರೇಕಿನ ಗಾಳಿ ತೆಗೆಯುವ ತಿರುಪು) ಸ್ವಲ್ಪ ಸಡಿಲಿಸಿದೆ. ಚಿರ್ ಅಂತ ಒಂದು ಎಳೆ ಬ್ರೇಕ್ ಆಯಿಲ್ ಹಾರಿತು. ಚಕ್ರ ಬೆರಳಲ್ಲಿ ತಿರುಗಿತು!

ಅಂದರೆ ಲೈನಿನಲ್ಲಿ ಒತ್ತಡ ಉಳಿದುಕೊಂಡಿತ್ತು. ನನಗೆ ಸಿಕ್ಕಿದ ಮಾಸ್ಟರ್ ಸಿಲಿಂಡರ್ (ಪೆಡಲಿನ ಒತ್ತನ್ನು ಆಯಿಲಿಗೆ ಕೊಡುವ ಭಾಗ) ನಾಲ್ಕೂ ಡ್ರಮ್ ಇದ್ದ ಗಾಡಿಯದ್ದು. ಒಳಗೆ 10 ಪಿಎಸ್‌ಐ ಒತ್ತಡವನ್ನು ಪೆಡಲ್ ಬಿಟ್ಟ ಮೇಲೂ ಲೈನಿನಲ್ಲಿ ಹಿಡಿದಿಡುವ ರೆಸಿಡುಯಲ್ ವಾಲ್ವ್. ಡ್ರಮ್ಮಿಗೆ ಅದು ಸರಿ, ಶೂಗಳನ್ನು ವಾಪಸ್ ಎಳೆಯಲು ಸ್ಪ್ರಿಂಗ್ ಇದೆ. ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರ್‌ಗೆ ಎಲ್ಲಿಯ ಸ್ಪ್ರಿಂಗ್? ಮುಂದಿನ ಲೈನಿನ ವಾಲ್ವ್ ಕಿತ್ತೆಸೆದೆ.

ಆಗ "ಬಿಟ್ರೆ ಹಿಡಿಯಲ್ಲ" ಶುರುವಾಯಿತು. ಬೆಳಿಗ್ಗೆ ಮೊದಲ ಸಲ ಒತ್ತಿದರೆ ಪೆಡಲ್ ನೆಲ ಮುಟ್ಟುತ್ತಿತ್ತು, ಎರಡನೇ ಸಲಕ್ಕೆ ಸರಿ. ನಾಲ್ಕು ಸಲ ಗಾಳಿ ತೆಗೆದೆ. ಆದರೆ ಗಾಳಿ ಇರಲೇ ಇಲ್ಲ. ನಮ್ಮ ಹಳೇ ಜೀಪುಗಳ ಮಾಸ್ಟರ್ ಇರುವುದು ನೆಲದ ಕೆಳಗೆ, ಕ್ಯಾಲಿಪರ್ ಅದಕ್ಕಿಂತ ಮೇಲೆ. ರಾತ್ರಿಯೆಲ್ಲಾ ಆಯಿಲ್ ವಾಪಸ್ ಇಳಿಯುತ್ತಿತ್ತು. ಡಿಸ್ಕ್ ಲೈನಿಗೆಂದೇ ಸಿಗುವ 2 ಪಿಎಸ್‌ಐ ವಾಲ್ವ್ ತರಿಸಿ, ಮಾಸ್ಟರ್ ಹತ್ತಿರವೇ ಹಾಕಿದೆ. ಎರಡನೇ ಕಾಯಿಲೆಯೂ ಅದೇ ದಿನ ಹೋಯಿತು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಸಣ್ಣ ಸಾಮಾನು, ಮೂರು ತಿಂಗಳು ತಿಂದಿತ್ತು!

ಪರೀಕ್ಷೆಗೆ 50 ಕೆಜಿಯ ನಾಲ್ಕು ಮೂಟೆ ಹೇರಿ, ಮಳೆಯಲ್ಲೇ ಪೆರುಂಬಾಡಿಯಿಂದ ಮಾಕುಟ್ಟ ಘಾಟಿ ಇಳಿದೆ. ದೊಡ್ಡಪ್ಪ ಪಕ್ಕದಲ್ಲಿದ್ದರು. ಮೊದಲ ತಿರುವಿನಲ್ಲಿ ಅವರ ಬಲಗಾಲೂ ನೆಲ ಒತ್ತುತ್ತಿತ್ತು, ಅರ್ಧ ಘಾಟಿ ಕಳೆದ ಮೇಲೆ ಎಲೆ ಅಡಿಕೆ ಡಬ್ಬಿ ತೆಗೆದರು. ಇಷ್ಟಾದರೂ ಇಳಿದದ್ದು ಸೆಕೆಂಡ್ ಗೇರಲ್ಲೇ, ಆ ವಿಷಯದಲ್ಲಿ ಅವರು ಹೇಳಿದ್ದು ಸರಿ. ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದ್ದು, ಅದು ತೇವ ಹೀರುತ್ತದೆ. ನಮ್ಮ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ.

ಸವಾರಿ ಮೆತ್ತಗಾಗಲಿ ಅಂತ ಮುಂದಿನ ಸ್ಪ್ರಿಂಗಿನಿಂದ ಎರಡು ಪ್ಲೇಟ್ ತೆಗೆದಿದ್ದೆ. ಡಿಸ್ಕ್ ಬಂದ ಮೇಲೆ ಗಟ್ಟಿಯಾಗಿ ಒತ್ತಿದರೆ ಮೂತಿ ನೆಲ ಮೂಸುವ ಹಾಗೆ ಬಗ್ಗುತ್ತಿತ್ತು. ಒಂದನ್ನು ವಾಪಸ್ ಹಾಕಿದೆ. ಸದ್ದು ಕಮ್ಮಿ ಮಾಡಲು ನೆಲಕ್ಕೆ ತೆಂಗಿನ ನಾರಿನ ಚಾಪೆ ಹಾಸಿದ್ದು ಮಾತ್ರ ಶುದ್ಧ ದಡ್ಡತನ. ಜೂನ್ ಮುಗಿಯುವಷ್ಟರಲ್ಲಿ ಅಣಬೆ, ಕೆಳಗೆ ತುಕ್ಕು. ಈಗ ಡಾಂಬರು ಶೀಟ್, ಮೇಲೆ ನೀರು ಹೀರದ ಫೋಮ್.

ಖರ್ಚು ಬಾಯಿಲೆಕ್ಕದಲ್ಲಿ: ಹಳೇ ಡಿಸ್ಕ್ ಸೆಟ್ 9 ಸಾವಿರ, ಬೂಸ್ಟರ್ ಮತ್ತು ಮಾಸ್ಟರ್ ನಾಲ್ಕೂವರೆ, ಪಂಪ್ ಇರುವ ಆಲ್ಟರ್ನೇಟರ್ 5, ಪೈಪು, ವಾಲ್ವು, ಲೇತ್ ಸೇರಿ 6. ಸೀಟು, ನೆಲ 9. ಹಾಳು ಮಾಡಿದ್ದು ಇನ್ನೊಂದು 11 ಇರಬಹುದು, ಮನೆಯಲ್ಲಿ 5 ಅಂತ ಹೇಳಿದ್ದೇನೆ. ಗಾಡಿಯ ಮಾರ್ಪಾಡಿನ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ ಕಲಂ 52ರ ವಿಚಾರ ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ, ನನ್ನ ಹಾಗೆ ಆಮೇಲೆ ಅಲೆಯಬೇಡಿ.

ಈಗ ಗಾಜಿನ ಮಂಜಿನ ಹಿಂದೆ ಬಿದ್ದಿದ್ದೇನೆ. ರೇಡಿಯೇಟರ್ ಹಿಂದಿನ ಬಿಸಿಗಾಳಿಯನ್ನು ಪೈಪಿನಲ್ಲಿ ಮೇಲಕ್ಕೆ ತಂದೆ. ನನ್ನ ಕಡೆ ಗಾಜು ತಿಳಿಯಾಗುತ್ತದೆ. ದೊಡ್ಡಪ್ಪನ ಕಡೆಗೆ ಈಗಲೂ ಬಟ್ಟೆಯೇ.